ಹೋಂಡಾ ಸಿಬಿ750 ಫೋರ್: ಟ್ಯಾಂಕು ನೋಡಿ ವಯಸ್ಸು ಹೇಳಬೇಡಿ

ಸಿಬಿ750 ಮಾರಾಟಕ್ಕಿದೆ ಎಂದರೆ ಜೊತೆಗೊಂದು ಇಸವಿ ಇದ್ದೇ ಇರುತ್ತದೆ. ಹೆಚ್ಚಾಗಿ ಅದು ನೋಂದಣಿ ಪತ್ರದ ಇಸವಿ, ಗಾಡಿ ಕಾರ್ಖಾನೆ ಬಿಟ್ಟ ಇಸವಿ ಅಲ್ಲ. ಮಾರಾಟವಾಗದೆ ಅಂಗಡಿಯಲ್ಲೇ ನಿಂತು ಮರುವರ್ಷ ನೋಂದಣಿಯಾದವು ಉಂಟು. ಮೂರು ಗಾಡಿಗಳ ಸಾಮಾನು ಸೇರಿಸಿ ಒಂದು ಮಾಡಿದವೂ ಉಂಟು. ಇಷ್ಟು ಹಳೆಯ ಬೈಕಿನಲ್ಲಿ ಟ್ಯಾಂಕು, ಸೀಟು, ಮೀಟರು, ಸೈಲೆನ್ಸರು ಯಾವುದನ್ನೂ ಮೂಲದ್ದೆಂದು ನಂಬುವಂತಿಲ್ಲ. ಎಲ್ಲವೂ ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುವಂಥವು.

ಈ ಬೈಕಿನ ಮೇಲಿನ ಮೋಹಕ್ಕೆ ಕಾರಣವಿದೆ. 1968ರ ಟೋಕಿಯೊ ಪ್ರದರ್ಶನದಲ್ಲಿ ಕಾಣಿಸಿಕೊಂಡು 1969ರಲ್ಲಿ ಮಾರುಕಟ್ಟೆಗೆ ಬಂದಾಗ ಸಾಲಾಗಿ ನಾಲ್ಕು ಸಿಲಿಂಡರ್, 736 ಸಿಸಿ, 8000 ಆರ್‌ಪಿಎಂನಲ್ಲಿ 67 ಅಶ್ವಶಕ್ತಿ, ಐದು ಗೇರು, ಮುಂದಿನ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕು, ಬಟನ್ ಒತ್ತಿದರೆ ಚಾಲೂ. ಅಮೆರಿಕದಲ್ಲಿ ಬೆಲೆ 1,495 ಡಾಲರ್. ಅದೇ ಹೊತ್ತಿಗೆ 750 ಸಿಸಿಯ ನಾಲ್ಕು ಸಿಲಿಂಡರ್ ಬೈಕನ್ನು ಸಿದ್ಧಪಡಿಸುತ್ತಿದ್ದ ಕವಾಸಾಕಿ ಆ ಯೋಜನೆಯನ್ನು ಬದಿಗಿಟ್ಟು, 1972ರಲ್ಲಿ 903 ಸಿಸಿಯ ಜೆಡ್1 ತರಬೇಕಾಯಿತು.

ವಯಸ್ಸು ಹುಡುಕುವುದಾದರೆ ಚೌಕಟ್ಟಿನಿಂದ ಶುರುಮಾಡಿ. ಹ್ಯಾಂಡಲ್ ಕೂರುವ ಕೊಳವೆಯ ಎಡಬದಿಯಲ್ಲಿ ಸಂಖ್ಯೆ ಅಚ್ಚೊತ್ತಿರುತ್ತದೆ. 10 ಲಕ್ಷದ ಸಾಲಿನದಾದರೆ ಮೊದಲ ಮಾದರಿ ಇಲ್ಲವೇ ಅದರ ಮುಂದಿನ ಆವೃತ್ತಿ ಕೆ1. (ಮೊದಲ ಮಾದರಿಗೆ ಕೆ0 ಎಂಬ ಹೆಸರು ಬಿದ್ದದ್ದು ಆಮೇಲೆ, ಹೊಸದಿದ್ದಾಗ ಅದು ಬರೀ ಸಿಬಿ750.) ಅಮೆರಿಕಕ್ಕೆ ಹೋದ ಗಾಡಿಗಳಲ್ಲಿ 20 ಲಕ್ಷ ದಾಟಿದರೆ 1972ರ ಕೆ2, 22 ಲಕ್ಷಕ್ಕೆ ಕೆ3, 23ಕ್ಕೆ ಕೆ4, 25ಕ್ಕೆ 1975ರ ಕೆ5. ಯುರೋಪಿನ ಗಾಡಿಗೆ ಈ ಲೆಕ್ಕ ಹಾಕಿದರೆ ಎಡವುತ್ತೀರಿ. ಅಲ್ಲಿಗೆ ಕೆ2 ಹಲವು ವರ್ಷ ಹೋಗುತ್ತಲೇ ಇತ್ತು. ಕೆ2 ಕಂಡೊಡನೆ 1972 ಎನ್ನಲಾಗದು.

ಇನ್ನೊಂದು ತಪ್ಪು ತಿಳಿವಳಿಕೆ, ಇಂಜಿನ್ ಸಂಖ್ಯೆಯೂ ಚೌಕಟ್ಟಿನ ಸಂಖ್ಯೆಯೂ ಒಂದೇ ಇರಬೇಕು ಎಂಬುದು. ಹೋಂಡಾದಲ್ಲಿ ಅವು ಸಾಮಾನ್ಯವಾಗಿ ಹೊಂದುವುದಿಲ್ಲ. ಕೆಲವು ನೂರರ ಅಂತರ ಸಹಜ. ಕೆ4ರವರೆಗಿನ ಗಾಡಿಗಳಲ್ಲಿ ಅಂತರ ಹತ್ತಾರು ಸಾವಿರಕ್ಕೆ ಹೋಯಿತೆಂದರೆ ಇಂಜಿನ್ ಬದಲಾಗಿರುವ ಸಾಧ್ಯತೆ ಹೆಚ್ಚು. ಎರಡೂ ಸಂಖ್ಯೆ ಅಂಕಿ ಅಂಕಿಗೂ ಕೂಡಿ ಬಂದರೆ ಖುಷಿಪಡುವ ಬದಲು ಭೂತಕನ್ನಡಿ ಹಿಡಿಯಿರಿ: ಅಕ್ಷರಗಳ ಆಳ ಏರುಪೇರಾಗಿದೆಯೇ, ಸುತ್ತ ಅರ ಹಾಕಿದ ಗೆರೆಗಳಿವೆಯೇ?

ಸಂಖ್ಯೆ ಆದಮೇಲೆ ಉಳಿದದ್ದು ಸಾಕ್ಷಿ ಮಾತ್ರ. ಮೊದಲ ಮಾದರಿಯ ಸೀಟಿನ ಹಿಂತುದಿ ಬಾತುಕೋಳಿಯ ಬಾಲದಂತೆ ಮೇಲೆದ್ದಿರುತ್ತದೆ. ನ್ಯೂಟ್ರಲ್ ಮತ್ತು ಆಯಿಲ್ ದೀಪಗಳು ಕೆ1ರವರೆಗೆ ಮೀಟರಿನ ಒಳಗಿವೆ, ಕೆ2ರಿಂದ ಹ್ಯಾಂಡಲ್ ಕ್ಲ್ಯಾಂಪಿನ ಮೇಲಿನ ಪಟ್ಟಿಗೆ ಬಂದವು. ಹೆಡ್‌ಲೈಟ್ ಹಿಡಿದಿರುವ ಕಿವಿಗಳಿಗೆ ಟ್ಯಾಂಕಿನ ಬಣ್ಣವಿದ್ದರೆ ಹಳೆಯದು, ಕ್ರೋಮ್ ಆಗಿದ್ದರೆ ಕೆ2 ಅಥವಾ ಆನಂತರದ್ದು. ಹಿಂದಿನ ಚಕ್ರ 17 ಇಂಚಾದರೆ 1977ರ ಕೆ7ರಿಂದ ಈಚಿನದು. ಅದಕ್ಕೆ ಮುಂಚಿನ ಕೆ ಮಾದರಿಗಳಿಗೆ 18. ನಾಲ್ಕು ಸೈಲೆನ್ಸರಿನ ಬದಲು ನಾಲ್ಕೂ ಕೂಡಿ ಒಂದಾಗುವ ಕೊಳವೆ ಮತ್ತು ಹಿಂದೆಯೂ ಡಿಸ್ಕ್ ಬ್ರೇಕು ಇದ್ದರೆ ಅದು 1975ರಲ್ಲಿ ಬಂದ ಎಫ್ ಮಾದರಿ, ಬೇರೆಯೇ ಶಾಖೆ.

ಸಂಗ್ರಾಹಕರು ಬಾಯಿಬಿಡುವುದು ಮೊದಲ 7,414 ಇಂಜಿನ್‌ಗಳಿಗೆ. ಕೇಸಿಂಗಿನ ಮೇಲ್ಮೈ ಒರಟಾಗಿರುವುದರಿಂದ 'ಸ್ಯಾಂಡ್‌ಕಾಸ್ಟ್' (ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದು) ಎನ್ನುತ್ತಾರೆ. ಹೆಸರೇ ತಪ್ಪು, ಅವನ್ನು ಎರಕ ಹೊಯ್ದದ್ದು ಲೋಹದ ಅಚ್ಚಿನಲ್ಲಿ, ಮರಳಿನಲ್ಲಲ್ಲ. ಈ ಗಾಡಿಗಳಲ್ಲಿ ನಾಲ್ಕು ಕಾರ್ಬೊರೇಟರ್‌ಗೆ ನಾಲ್ಕು ಪ್ರತ್ಯೇಕ ಕೇಬಲ್, ಹೊಂದಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹಿಂದಿನ ಚಕ್ರಕ್ಕೆ ಹೋಗುವ ಚೈನು ತುಂಡಾದರೆ ಮುಂದಿನ ಸ್ಪ್ರಾಕೆಟ್ (ಹಲ್ಲುಚಕ್ರ) ಹಿಂದೆ ಮುದುರಿಕೊಂಡು ಇಂಜಿನ್ ಕವಚವಾದ ಕ್ರ್ಯಾಂಕ್‌ಕೇಸಿಗೇ ತೂತು ಬೀಳಬಹುದು. ಕೊಳ್ಳುವ ಮುನ್ನ ಸ್ಪ್ರಾಕೆಟ್ ಮುಚ್ಚಳ ತೆಗೆಸಿ, ಒಳಗೆ ವೆಲ್ಡಿಂಗ್ ಗುರುತು ಇದೆಯೇ ನೋಡಿ. ನಮ್ಮ ಅಭಿಪ್ರಾಯದಲ್ಲಿ ಸ್ಯಾಂಡ್‌ಕಾಸ್ಟ್ ಗಾಜಿನ ಪೆಟ್ಟಿಗೆಗೆ ಲಾಯಕ್ಕು. ಓಡಿಸುವವರಿಗೆ ಕೆ2ರಿಂದ ಕೆ4.

ಓಡಿಸಲು ಹೇಗಿದೆ? ನಿಂತಲ್ಲಿ ತಳ್ಳುವಾಗ 218 ಕಿಲೋ ಒಣತೂಕ ಪೂರ್ತಿ ಕೈಗೆ ತಾಗುತ್ತದೆ, ಉರುಳತೊಡಗಿದ ಮೇಲೆ ಮರೆತುಹೋಗುತ್ತದೆ. 4000 ಆರ್‌ಪಿಎಂ ಆಚೆ ಎಳೆತ ಸರಾಗ. ಐಡ್ಲಿಂಗಿನಲ್ಲಿ ಇಂಜಿನ್ ಒಳಗೆ ಕಟಕಟ ಸದ್ದು ಬಂದರೆ ಬೇರಿಂಗ್ ಹೋಯಿತೆಂದು ಗಾಬರಿ ಬೇಡ. ಅದು ಸಾಮಾನ್ಯವಾಗಿ ಇಂಜಿನ್ನಿನ ಶಕ್ತಿಯನ್ನು ಕ್ಲಚ್ಚಿಗೆ ಒಯ್ಯುವ, ಒಳಗಿನ ಎರಡು ಪ್ರೈಮರಿ ಚೈನುಗಳದು. ಕಾರ್ಬೊರೇಟರುಗಳು ಒಂದಕ್ಕೊಂದು ಹೊಂದದಿದ್ದಾಗ ಇಂಜಿನ್ ಒದರುತ್ತದೆ, ಚೈನು ಬಡಿಯುತ್ತದೆ. ವ್ಯಾಕ್ಯೂಮ್ ಗೇಜ್ ಹಾಕಿ ನಾಲ್ಕನ್ನೂ ಸಮ ಮಾಡಿದರೆ ಸದ್ದು ಅರ್ಧಕ್ಕೆ ಇಳಿಯುತ್ತದೆ. ಅದಕ್ಕೂ ಮುಂಚೆ ಟ್ಯಾಪೆಟ್, ಅಂದರೆ ವಾಲ್ವುಗಳ ಸಂದು: ಇಂಜಿನ್ ತಣ್ಣಗಿದ್ದಾಗ ಇನ್‌ಲೆಟ್ 0.05 ಮಿಮೀ, ಎಕ್ಸಾಸ್ಟ್ 0.08 ಮಿಮೀ. ಕಿಡಿ ಹಾರಿಸುವ ಇಗ್ನಿಷನ್ ಪಾಯಿಂಟುಗಳ ಅಂತರ 0.3ರಿಂದ 0.4 ಮಿಮೀ. ಈ ಕ್ರಮ ತಪ್ಪಿಸಿ ಕಾರ್ಬೊರೇಟರಿಗೆ ಮೊದಲು ಕೈಹಾಕಿದರೆ ಇಡೀ ದಿನ ಸುತ್ತುವುದೇ ಆಗುತ್ತದೆ.

ಈ ಬೈಕಿನಲ್ಲಿ ಜನ ಹೆಚ್ಚು ಎಡವುವುದು ಆಯಿಲಿನ ವಿಷಯದಲ್ಲಿ. ಆಯಿಲ್ ಇರುವುದು ಇಂಜಿನ್ ತಳದಲ್ಲಲ್ಲ, ಬಲಬದಿಯ ಪ್ರತ್ಯೇಕ ಟ್ಯಾಂಕಿನಲ್ಲಿ. ಗಾಡಿ ವಾರಗಟ್ಟಲೆ ನಿಂತರೆ ಪಂಪಿನ ಚೆಕ್ ವಾಲ್ವಿನ (ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟದ) ರಬ್ಬರ್ ಉಂಗುರ ಗಟ್ಟಿಯಾಗಿದ್ದಲ್ಲಿ ಆಯಿಲ್ ನಿಧಾನಕ್ಕೆ ಕೆಳಗಿಳಿಯುತ್ತದೆ. ಕಡ್ಡಿ ಅದ್ದಿ ನೋಡಿದವರು ಕಡಿಮೆಯಾಗಿದೆ ಎಂದು ಒಂದು ಲೀಟರ್ ಸುರಿಯುತ್ತಾರೆ. ಚಾಲೂ ಮಾಡಿದ ಕೂಡಲೇ ಕೆಳಗಿನದೆಲ್ಲ ವಾಪಸು ಬಂದು ಟ್ಯಾಂಕು ತುಂಬಿ ಹರಿಯುತ್ತದೆ, ಏರ್ ಫಿಲ್ಟರಿನ ಪೆಟ್ಟಿಗೆ ಒದ್ದೆ, ಹಿಂದೆ ಹೊಗೆ. ಒಟ್ಟು ಹಿಡಿಯುವುದು 3.5 ಲೀಟರ್, ಅಳತೆ ನೋಡಬೇಕಾದ್ದು ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದ ಮೇಲೆ. ಸಿಲಿಂಡರ್ ಹೆಡ್ ಬಳಿ ಸೋರುತ್ತಿದ್ದರೆ ಚೌಕಾಸಿ ಗಟ್ಟಿಯಾಗಿ ಮಾಡಿ. ಟ್ಯಾಪೆಟ್ ಮುಚ್ಚಳಗಳು ಇದ್ದಲ್ಲೇ ಬಿಚ್ಚುತ್ತವೆ, ಆದರೆ ಕ್ಯಾಮ್ ಮೇಲಿನ ದೊಡ್ಡ ಮುಚ್ಚಳ ತೆಗೆಯಲು ಇಡೀ ಇಂಜಿನನ್ನೇ ಚೌಕಟ್ಟಿನಿಂದ ಇಳಿಸಬೇಕು.

ಮುಂದಿನ ಬ್ರೇಕು ಹಿಡಿಯುವುದಿಲ್ಲ ಎಂಬ ದೂರಿಗೆ ಹೆಚ್ಚಿನ ಪಾಲು ಕಾರಣ ಕ್ಯಾಲಿಪರ್ ತೂಗುವ ತೋಳಿನ ಪಿನ್ನು. ಅದು ತುಕ್ಕು ಹಿಡಿದು ಸಿಕ್ಕಿಕೊಂಡರೆ ಒಂದೇ ಪ್ಯಾಡು ಸವೆಯುತ್ತದೆ. ಬಿಚ್ಚಿ, ಉಜ್ಜಿ, ಗ್ರೀಸು ಹಾಕಿದರೆ ಸರಿ. ಚಾರ್ಜಿಂಗ್ ಕೂಡ ದುರ್ಬಲ: ಆಲ್ಟರ್ನೇಟರ್ 210 ವಾಟ್, ಶಾಶ್ವತ ಅಯಸ್ಕಾಂತ ಇಲ್ಲ. ಅದು ವಿದ್ಯುತ್ ತಯಾರಿಸಲು ಬ್ಯಾಟರಿಯ ಕರೆಂಟೇ ಬೇಕು, ಹಾಗಾಗಿ ಬ್ಯಾಟರಿ ಪೂರ್ತಿ ಸತ್ತರೆ ಕಿಕ್ ಹೊಡೆದೂ ಪ್ರಯೋಜನವಿಲ್ಲ. ಕಾರ್ಬೊರೇಟರ್ ಹಿಂದುಮುಂದಿನ ರಬ್ಬರ್ ಕೊಳವೆಗಳು ಉಗುರು ಒತ್ತಿದರೆ ಬಾಗಬೇಕು. ಕಲ್ಲಿನಂತಿದ್ದರೆ ಗಾಳಿ ಸೋರುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ.

ಒಂದು ಉಪಕರಣ ಮೊದಲೇ ಕೊಂಡಿಟ್ಟುಕೊಳ್ಳಿ: ಜೆಐಎಸ್ (ಜಪಾನಿ ಕೈಗಾರಿಕಾ ಮಾನದಂಡದ) ಸ್ಕ್ರೂಡ್ರೈವರ್. ಆ ಕಾಲದ ಜಪಾನಿ ಸ್ಕ್ರೂಗಳ ಪ್ಲಸ್ ಗುರುತು ಮಾಮೂಲಿ ಫಿಲಿಪ್ಸ್‌ಗಿಂತ ಬೇರೆ. ಫಿಲಿಪ್ಸ್ ಹಾಕಿ ತಿರುಗಿಸಿದರೆ ಜಾರಿ ತಲೆ ಸವೆದುಹೋಗುತ್ತದೆ. ಕ್ಲಚ್ ಮುಚ್ಚಳದ ಸ್ಕ್ರೂಗಳೆಲ್ಲ ಹಾಗೆ ಸವೆದಿದ್ದರೆ, ಮಾರುವವರು 'ಇಂಜಿನ್ ಒಮ್ಮೆಯೂ ಬಿಚ್ಚಿಲ್ಲ' ಎಂದರೂ ಎಷ್ಟು ಕೈ ದಾಟಿದೆ ಎಂದು ಅವೇ ಹೇಳುತ್ತವೆ.