ಊರಿನ ಹೆಸರೋ, 15 ಕಿಲೋಮೀಟರ್ ಸುತ್ತಳತೆಯೋ?

ವಿಜಯಪುರದಲ್ಲಿ ನನ್ನದೊಂದು ವಾಟರ್ ಫಿಲ್ಟರ್ ರಿಪೇರಿ ಅಂಗಡಿ ಇದೆ. ಗೂಗಲ್ ಆಡ್ಸ್‌ನಲ್ಲಿ ಎರಡು ದಾರಿಗೂ ದುಡ್ಡು ಹಾಕಿ ನೋಡಿದ್ದೇನೆ. ಮೊದಲ ತಿಂಗಳು 'ಆರ್‌ಓ ರಿಪೇರಿ ವಿಜಯಪುರ' ಥರ ಊರಿನ ಹೆಸರಿರುವ ಕೀವರ್ಡ್ (ಜನ ಇದನ್ನು ಟೈಪ್ ಮಾಡಿ ಹುಡುಕಿದಾಗ ನಮ್ಮ ಜಾಹೀರಾತು ಕಾಣಲಿ ಎಂದು ನಾವು ಕೊಡುವ ಪದ), ಜಾಹೀರಾತು ಇಡೀ ದೇಶಕ್ಕೆ. ಎರಡನೇ ತಿಂಗಳು ಬರೀ 'ಆರ್‌ಓ ರಿಪೇರಿ', 'ಫಿಲ್ಟರ್ ಸರ್ವಿಸ್', ಆದರೆ ಅಂಗಡಿಯ ಸುತ್ತ 15 ಕಿಲೋಮೀಟರ್ ಒಳಗೆ ಮಾತ್ರ. ಈಗಲೂ ಎರಡನೆಯದೇ ನಡೆಯುತ್ತಿದೆ. ನನಗೆ ಅದೇ ಇಷ್ಟ.

ಮೊದಲನೆಯದನ್ನು ಹಾಕಿಕೊಟ್ಟವರು ಒಬ್ಬ ಏಜೆನ್ಸಿಯವರು. 'ಊರಿನ ಹೆಸರು ಟೈಪ್ ಮಾಡೋರು ಊರಿನವರೇ ಅಲ್ವಾ' ಎಂದರು. ನನಗೂ ಸರಿ ಅನಿಸಿತು.

ಮೂರನೇ ದಿನ ಒಬ್ಬರು ಫೋನ್ ಮಾಡಿದರು. ಮನೆಯಲ್ಲಿ ಕುಡಿಯಲು ನೀರಿಲ್ಲ, ಇವತ್ತೇ ಬನ್ನಿ ಎಂದರು. ಹೊರಡುವ ಮುಂಚೆ ವಿಳಾಸ ಕೇಳಿದೆ. ದೇವನಹಳ್ಳಿ ತಾಲೂಕಿನ ವಿಜಯಪುರ! ಅವರದೇನೂ ತಪ್ಪಿಲ್ಲ, ಅವರ ಊರಿನ ಹೆಸರೂ ಅದೇ. ಆ ವಾರ ಅಂಥ ಕರೆ ಇನ್ನೂ ನಾಲ್ಕು ಬಂದವು. ಜಾಹೀರಾತು ಒತ್ತಿ ಕರೆ ಮಾಡದೆ ಹೋದವರ ಕ್ಲಿಕ್‌ಗೂ ದುಡ್ಡು ಹೋಗಿತ್ತು.

ಹಾಗಾದರೆ ಹಳೆ ಹೆಸರೇ ಇರಲಿ ಎಂದು 'ಬಿಜಾಪುರ' ಸೇರಿಸಿದೆವು. 2014ರ ನವೆಂಬರ್ 1ಕ್ಕೆ ಹೆಸರು ಬದಲಾದರೂ ಜನ ಈಗಲೂ ಬಿಜಾಪುರ ಅಂತಲೇ ಹುಡುಕುತ್ತಾರೆ. ಆದರೆ ಛತ್ತೀಸ್‌ಗಢದಲ್ಲೂ ಒಂದು ಬಿಜಾಪುರ ಇದೆ, ಅದೊಂದು ಜಿಲ್ಲೆಯೇ. ಹಿಂದಿಯಲ್ಲಿ ಕರೆ ಶುರುವಾದವು.

'ದೇವನಹಳ್ಳಿ', 'ಛತ್ತೀಸ್‌ಗಢ' ಎಂದು ನೆಗೆಟಿವ್ ಕೀವರ್ಡ್ ಹಾಕಿದೆ, ಅಂದರೆ ಹುಡುಕಾಟದಲ್ಲಿ ಆ ಪದ ಇದ್ದರೆ ನನ್ನ ಜಾಹೀರಾತು ಬೇಡ ಎಂದು. ಏನೂ ಪ್ರಯೋಜನ ಆಗಲಿಲ್ಲ. ಅಲ್ಲಿಯವರು ತಮ್ಮ ಊರಿನ ಹೆಸರಷ್ಟೇ ಬರೆಯುತ್ತಾರೆ, ತಾಲೂಕು ಯಾರು ಬರೀತಾರೆ ಹೇಳಿ? ಜಾಹೀರಾತಿನ ತಲೆಬರಹದಲ್ಲಿ ದೊಡ್ಡದಾಗಿ ವಿಜಯಪುರ ಎಂದು ಹಾಕಿದ್ದರಿಂದ ಅವರು ಇನ್ನೂ ನಂಬಿ ಒತ್ತುತ್ತಿದ್ದರು. 'ಜಲನಗರ ಆರ್‌ಓ ರಿಪೇರಿ' ಥರ ಬಡಾವಣೆ ಹೆಸರಿಗೆ ಇಳಿದರೆ, ಹುಡುಕುವವರು ತೀರಾ ಕಡಿಮೆ ಎಂದು ಆ ಕೀವರ್ಡ್ ಓಡಲೇ ಇಲ್ಲ.

ಸುತ್ತಳತೆಯ ದಾರಿಯಲ್ಲಿ ಈ ಗೋಜಿಲ್ಲ. ನಮ್ಮೂರಲ್ಲಿ ಕೂತವರು ಊರಿನ ಹೆಸರು ಬರೆಯದೆ ಸುಮ್ನೆ 'ಆರ್‌ಓ ರಿಪೇರಿ ನಿಯರ್ ಮಿ' ಅಂದರೂ ನಾನು ಸಿಗುತ್ತೇನೆ. ಆಶ್ರಮ ರಸ್ತೆಯವರು, ಗಾಂಧಿ ಚೌಕದವರು, ಬೈಕಿನಲ್ಲಿ ಹೋಗಿ ಬರುವಷ್ಟು ದೂರದವರು. ಕ್ಲಿಕ್ ಕಡಿಮೆ, ಕೆಲಸ ಜಾಸ್ತಿ.

ಒಂದು ಸೆಟ್ಟಿಂಗ್ ಮಾತ್ರ ನೋಡಿಕೊಳ್ಳಿ. ಸ್ಥಳದ ಆಯ್ಕೆ ಮೊದಲಿಗೆ 'ಅಲ್ಲಿರುವವರು ಅಥವಾ ಆ ಜಾಗದ ಬಗ್ಗೆ ಆಸಕ್ತಿ ಇರುವವರು' ಎಂದಿರುತ್ತದೆ. ಅದನ್ನು 'ಅಲ್ಲಿರುವವರು' ಎಂದಷ್ಟೇ ಮಾಡಬೇಕು. ಇಲ್ಲದಿದ್ದರೆ ವೃತ್ತ ಹಾಕಿಯೂ ಹೊರಗಿನವರು ಬರುತ್ತಾರೆ.

ಊರಿನ ಹೆಸರು ಯಾರಿಗೂ ಬೇಡ ಅನ್ನುತ್ತಿಲ್ಲ. ಗೋಳಗುಮ್ಮಟ ನೋಡಲು ಬರುವವರಿಗೆ ಲಾಡ್ಜ್ ನಡೆಸುವವರಿಗೆ ಅದೇ ಬೇಕು. ಅವರ ಗಿರಾಕಿ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೂತು ಹುಡುಕುತ್ತಾನೆ. ನನ್ನದು ದಿನಕ್ಕೆ 200 ರೂಪಾಯಿ ಬಜೆಟ್, ಫೋನ್ ಎತ್ತುವವನೂ ನಾನೇ, ಸ್ಪ್ಯಾನರ್ ಹಿಡಿಯುವವನೂ ನಾನೇ. ನನಗೆ 15 ಕಿಲೋಮೀಟರ್ ಸಾಕು.

ಹೀಗೆ ಮಾಡಿದ್ದರಿಂದ ಒಂದು ಥರದ ಗಿರಾಕಿ ಮಾತ್ರ ಕೈತಪ್ಪಿದರು. ಮೊದಲ ತಿಂಗಳು ಪುಣೆಯಿಂದ ಒಬ್ಬ ಹುಡುಗ ಫೋನ್ ಮಾಡಿ, ಇಲ್ಲಿರುವ ತಾಯಿಯ ಮನೆಯ ಫಿಲ್ಟರ್ ಸರಿ ಮಾಡಿಸಿದ್ದ. ದುಡ್ಡನ್ನೂ ಅಲ್ಲಿಂದಲೇ ಕಳಿಸಿದ್ದ. ಅಂಥ ಮಕ್ಕಳಿಗೆ ಈಗ ನನ್ನ ಜಾಹೀರಾತು ಕಾಣುವುದಿಲ್ಲ. ದಿನಕ್ಕೆ ಇನ್ನೊಂದು 50 ರೂಪಾಯಿ ಹೊಂದಿಸಿದ ಮೇಲೆ ಪುಣೆಗೆಂದೇ ಬೇರೆ ಕ್ಯಾಂಪೇನ್ ಮಾಡುತ್ತೇನೆ. ಅದರಲ್ಲಿ ಕೀವರ್ಡ್ 'ಬಿಜಾಪುರ ಆರ್‌ಓ ರಿಪೇರಿ', ತಲೆಬರಹದಲ್ಲಿ ಗೋಳಗುಮ್ಮಟದ ಹೆಸರು.