ಕೆರೆಗೆ ಬಿದ್ದ ಡೀಸೆಲ್ ತೆಗೆಯಲು ಲೇಪದ ಫೋಮೇ ಸರಿ: ನಾನು ಹಾಕಿ ನೋಡಿದ್ದು

ನಮ್ಮ ತೋಟ ಪೆರ್ಲದ ಹತ್ತಿರ. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಿಂದ ನೀರು ಬಂದು ಕೆರೆಗೆ ಬೀಳುತ್ತದೆ, ಅಲ್ಲಿಂದ ಅಡಿಕೆಗೆ. ಕರೆಂಟು ಹೋದಾಗ ಇರಲಿ ಎಂದು ಕೆರೆಯ ದಂಡೆಯಲ್ಲೇ ಒಂದು ಡೀಸೆಲ್ ಪಂಪು ಇಟ್ಟಿದ್ದೇವೆ. ಕಳೆದ ಮಾರ್ಚಿನಲ್ಲಿ ಅದರ ಪೈಪು ಬಿರುಕು ಬಿಟ್ಟು ರಾತ್ರಿಯಿಡೀ ಸೋರಿತು. ಬೆಳಗ್ಗೆ ನೋಡಿದರೆ ನೀರಿನ ಮೇಲೆಲ್ಲ ಕಾಮನಬಿಲ್ಲಿನ ಬಣ್ಣ. ಅಜ್ಜನ ಕಾಲದ ಕೆರೆ ಅದು. ತುಂಬಾ ಸಂಕಟವಾಯಿತು.

ಪಕ್ಕದ ತೋಟದ ಮಾವ ಬಂದು, "ಸೋಪಿನ ನೀರು ಹೊಯ್ಯಿ ಮಾರಾಯ, ಹೋಗ್ತದೆ" ಎಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ನೀರಿನೊಳಗೆ ಇಳಿಸುತ್ತದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಎಣ್ಣೆ ಅಲ್ಲೇ ಇರುತ್ತದೆ. ಮೇಲೆ ತೇಲುತ್ತಿರುವಾಗಲೇ ಅದನ್ನು ಹೀರಿ ತೆಗೆಯುವುದು ಸುಲಭ.

ನಾನು ಮೊದಲು ನಾಲ್ಕು ಬಾಳೆಕಂಬ ಕಡಿದು, ಹಗ್ಗ ಕಟ್ಟಿ ತೇಲಿಬಿಟ್ಟು, ಎಣ್ಣೆಯನ್ನು ಒಂದು ಮೂಲೆಗೆ ಎಳೆದು ತಂದೆ. ಪದರ ದಪ್ಪವಾದಷ್ಟು ಹೀರುವ ಕೆಲಸ ಸುಲಭ. ಆಮೇಲೆ ಹಳೆ ಹಾಸಿಗೆಯ ಫೋಮ್ ಕತ್ತರಿಸಿ ಹಾಕಿದೆ. ಅದು ಎಣ್ಣೆಯನ್ನೂ ಕುಡಿಯಿತು, ನೀರನ್ನೂ ಕುಡಿಯಿತು. ಹಿಂಡಿದರೆ ಬಕೆಟ್ ತುಂಬ ನೀರು, ಮೇಲೆ ತೆಳ್ಳಗೆ ಡೀಸೆಲ್. ಅರ್ಧ ದಿನ ಸುಮ್ನೆ ಹೋಯಿತು.

ತೆಂಗಿನ ನಾರಿನ ಹುಡಿ ನೀರು ಹೀರಿ ಮುಳುಗಿತು. ಅದು ಪಂಪಿನ ಶೆಡ್ಡಿನ ನೆಲಕ್ಕೆ ಸರಿ, ಕೆರೆಗೆ ಬೇಡ.

ಬೂರುಗದ ಹತ್ತಿ ಮಾತ್ರ ನಿಜಕ್ಕೂ ಒಳ್ಳೆಯದು. ಅದರ ಎಳೆಯ ಒಳಗೆ ಟೊಳ್ಳು, ಹೊರಗೆ ಮೇಣದಂಥ ಪದರ. ನೀರು ಬೇಡ, ಎಣ್ಣೆ ಬೇಕು ಎನ್ನುವ ಗುಣ ಹುಟ್ಟಿನಿಂದಲೇ ಇದೆ. ಹಳೆ ದಿಂಬಿನಿಂದ ತೆಗೆದು, ತೆಳ್ಳಗಿನ ಬಟ್ಟೆಯ ಚೀಲದಲ್ಲಿ ತುಂಬಿ ಬಿಟ್ಟೆ. ಚೆನ್ನಾಗಿ ಹೀರಿತು. ಆದರೆ ಒಂದು ಸಲ ಹಿಂಡಿದ ಮೇಲೆ ಗಂಟು ಕಟ್ಟಿತು, ಮೊದಲಿನ ಹಾಗೆ ಹೀರಲಿಲ್ಲ.

ಮೂರನೇ ದಿನ ತರಿಸಿದ ಲೇಪದ ಫೋಮ್ ಬಂತು. ನನ್ನ ಮೆಚ್ಚಿನದು ಇದೇ. ಇದು ಕೂಡ ಹಾಸಿಗೆಯಲ್ಲಿರುವ ಪಾಲಿಯುರಿಥೇನ್ ಫೋಮೇ. ಅದರ ರಂಧ್ರಗಳ ಗೋಡೆಗೆ ಸಿಲೇನ್ ಎಂಬ ರಾಸಾಯನಿಕವನ್ನು ಅಂಟಿಸಿರುತ್ತಾರೆ, ಅದು ನೀರನ್ನು ದೂರ ಇಟ್ಟು ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಅಮೆರಿಕದ ಆರ್ಗೋನ್ ಪ್ರಯೋಗಾಲಯದವರು 2017ರಲ್ಲಿ ತೋರಿಸಿದ ಓಲಿಯೋ ಸ್ಪಾಂಜ್ ಕೂಡ ಇಂಥದ್ದೇ; ತನ್ನ ತೂಕದ 90 ಪಟ್ಟು ಎಣ್ಣೆ ಹೀರುತ್ತದೆ ಎಂದು ಅವರು ಹೇಳಿದ್ದರು. ನನ್ನ ಶೀಟು ಅಷ್ಟು ಹೀರಲಿಲ್ಲ, ಆದರೆ ಹಿಂಡಿದಾಗ ಬಂದದ್ದು ಬಹುಪಾಲು ಡೀಸೆಲ್ಲೇ.

ಕೊಂಡ ಮೇಲೆ ಹೀಗೆ ಪರೀಕ್ಷೆ ಮಾಡಿ. ಒಂದು ಹನಿ ನೀರು ಹಾಕಿದರೆ ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಮುತ್ತಾಗಿ ನಿಲ್ಲಬೇಕು. ನೀರಿನೊಳಗೆ ಅದುಮಿ ಹಿಡಿದರೆ ಫೋಮಿನ ಸುತ್ತ ಗಾಳಿಯ ಪದರ ಬೆಳ್ಳಿಯಂತೆ ಹೊಳೆಯಬೇಕು. ಹೊಳೆಯದಿದ್ದರೆ ಲೇಪ ಸರಿಯಿಲ್ಲ.

ಒಂದು ಕಿರಿಕಿರಿ ಮಾತ್ರ ಜಾಸ್ತಿ. ಎತ್ತುವಾಗ ಸೋರುತ್ತದೆ. ನಮ್ಮ ಕೆರೆಗೆ ಬೇಸಗೆಯಲ್ಲಿ ದಂಡೆಯಿಂದ ನೀರಿಗೆ ಎಂಟು ಅಡಿ. ಅಡಿಕೆ ಕೊಯ್ಯುವ ಹಳೆ ದೋಟಿಗೆ ಕೊಕ್ಕೆ ಕಟ್ಟಿ ಶೀಟನ್ನು ಮೇಲೆತ್ತಿದರೆ, ದಂಡೆ ಮುಟ್ಟುವಷ್ಟರಲ್ಲಿ ಹೀರಿದ ಡೀಸೆಲ್ಲಿನಲ್ಲಿ ಒಂದು ಪಾಲು ವಾಪಸು ಕೆರೆಗೇ ಬೀಳುತ್ತಿತ್ತು. ಡೀಸೆಲ್ ತೆಳು, ಫೋಮಿನ ರಂಧ್ರ ದೊಡ್ಡದು. ನೀರಿನ ಮೇಲೆ ಮಲಗಿರುವಾಗ ಹಿಡಿದುಕೊಳ್ಳುತ್ತದೆ, ನೇತು ಹಾಕಿದ ಕೂಡಲೇ ಭಾರಕ್ಕೆ ಕೆಳಗಿನ ಅಂಚಿನಿಂದ ಸುರಿಯುತ್ತದೆ.

ಬೇಗ ಎತ್ತಿ ನೋಡಿದೆ, ಇನ್ನೂ ಜಾಸ್ತಿ ಸುರಿಯಿತು. ಬಕೆಟ್ ಇಳಿಸಿದೆ, ಶೀಟು ಅದರೊಳಗೆ ಮಡಚಿ ಅಲ್ಲೇ ಹಿಂಡಿಕೊಂಡಿತು. ಕೊನೆಗೆ ದಾರಿ ತೋರಿಸಿದವಳು ಅಮ್ಮ. ದೊಡ್ಡ ಅಡಿಕೆ ಹಾಳೆಯನ್ನು ನೆನೆಸಿ, ದೋಣಿಯಂತೆ ಮಡಚಿ, ಎರಡು ತುದಿ ಹೊಲಿದು ಕೊಟ್ಟಳು. ಅದನ್ನು ಹಗ್ಗದಲ್ಲಿ ಇಳಿಸಿ, ಶೀಟನ್ನು ಅಡ್ಡಕ್ಕೆ ಅದರೊಳಗೆ ಜಾರಿಸಿ, ಮಲಗಿದ ಹಾಗೆಯೇ ಮೇಲೆ ತಂದೆವು. ಸೋರಿದ್ದು ಹಾಳೆಯಲ್ಲೇ ಉಳಿಯಿತು. ಶೀಟನ್ನು ಒಂದು ಗೇಣು ಅಗಲದ ತುಂಡು ಮಾಡಿಕೊಂಡರೆ ಇನ್ನೂ ಸುಲಭ.

ಅಕ್ಕನ ಮಗ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಾನೆ. ಅವನು ಮಾಮೂಲಿ ಫೋಮನ್ನು ಸ್ಟಿಯರಿಕ್ ಆಸಿಡ್ ಕರಗಿಸಿದ ಆಲ್ಕೋಹಾಲಿನಲ್ಲಿ ಅದ್ದಿ ಒಣಗಿಸಿ ತಂದ. ಮೊದಲ ಸಲ ಚೆನ್ನಾಗಿಯೇ ಹೀರಿತು, ಅವನಿಗೂ ಖುಷಿ. ನಾಲ್ಕನೇ ಸಲ ಹಿಂಡುವಾಗ ನೀರು ಬರಲು ಶುರು. ಆ ಲೇಪ ಫೋಮಿಗೆ ಬೆಸೆದುಕೊಂಡಿಲ್ಲ, ಮೇಲೆ ಕೂತಿದೆ ಅಷ್ಟೇ. ಡೀಸೆಲ್ಲಿನಲ್ಲಿ ನಿಧಾನಕ್ಕೆ ಕರಗಿ ಹೋಗುತ್ತದೆ. ಕೊಂಡ ಶೀಟನ್ನು ಇಪ್ಪತ್ತಕ್ಕಿಂತ ಹೆಚ್ಚು ಸಲ ಹಿಂಡಿದ್ದೇನೆ, ಇನ್ನೂ ನೀರು ಕುಡಿದಿಲ್ಲ.

ವರ್ಕ್‌ಶಾಪುಗಳಲ್ಲಿ ಬಳಸುವ ಬಿಳಿ ಪಾಲಿಪ್ರೊಪಿಲೀನ್ ಪ್ಯಾಡು ಕೂಡ ತರಿಸಿದ್ದೆ. ಅದಕ್ಕೆ ಲೇಪವೇ ಬೇಡ, ತುಂಬಿದರೂ ತೇಲುತ್ತದೆ. ಕೊನೆಗೆ ಉಳಿಯುವ ತೆಳು ಬಣ್ಣದ ಪದರಕ್ಕೆ ಫೋಮಿಗಿಂತ ಅದೇ ಚೆನ್ನ. ಆದರೆ ಒಮ್ಮೆ ತುಂಬಿದರೆ ಎಸೆಯಬೇಕು. ಪ್ರತಿ ವರ್ಷ ಕಟ್ಟುಗಟ್ಟಲೆ ತರುವಷ್ಟು ದುಡ್ಡು ಅಡಿಕೆ ಬೆಳೆಗಾರನ ಹತ್ತಿರ ಇರುವುದಿಲ್ಲ.

ಹಳೆ ಎಂಜಿನ್ ಆಯಿಲ್ ಚೆಲ್ಲಿದ್ದಾದರೆ ಫೋಮ್ ನಿಧಾನ, ದಪ್ಪ ಎಣ್ಣೆ ರಂಧ್ರದೊಳಗೆ ಇಳಿಯಲು ಹೊತ್ತು ಬೇಕು. ಇನ್ನೊಂದು ಮಾತು: ಫೋಮ್ ತೆಗೆಯುವುದು ತೇಲುವ ಎಣ್ಣೆಯನ್ನು ಮಾತ್ರ. ನೀರಿನಲ್ಲಿ ಕರಗಿದ ಅಂಶ ಉಳಿಯುತ್ತದೆ. ವಾಸನೆ ಹೋದ ಮೇಲೂ ನಾವು ಆ ಕೆರೆಯ ನೀರನ್ನು ಅಡುಗೆಗೆ ತರಲಿಲ್ಲ, ಸುರಂಗದ ಬಾಯಿಂದಲೇ ಹಿಡಿದೆವು. ಡೀಸೆಲ್ ಕುಡಿದ ತುಂಡುಗಳನ್ನು ಒಲೆಯ ಹತ್ತಿರ ಒಣಗಿಸಬೇಡಿ.

ಈಗ ಶೆಡ್ಡಿನಲ್ಲಿ ಎರಡು ಲೇಪದ ಶೀಟು, ಹತ್ತು ಬಿಳಿ ಪ್ಯಾಡು, ಅಮ್ಮ ಹೊಲಿದ ಹಾಳೆಯ ದೋಣಿ ಇವೆ. ಪಂಪಿನ ಅಡಿಗೆ ತಗಡಿನ ತಟ್ಟೆ ಇಟ್ಟಿದ್ದೇನೆ. ಪಕ್ಕದ ತೋಟದ ಮಾವನೂ ಮೊನ್ನೆ ಒಂದು ಶೀಟು ತರಿಸಿಕೊಂಡರು.