ಮೆನುವಿನ ಹಸಿರು ಎಲೆ ನೋಡಿ ಆರ್ಡರ್ ಮಾಡಬೇಡಿ

ಓದಲು ಅಮೆರಿಕದ ಸಣ್ಣ ಯೂನಿವರ್ಸಿಟಿ ಊರಿಗೆ ಬರುತ್ತಿದ್ದೀರಾ? ನಿಮಗೆ ಸಿಗಡಿ, ಏಡಿ, ಮೀನು, ಕಡಲೆಕಾಯಿ ಇಂಥ ಯಾವುದಾದರೂ ಅಲರ್ಜಿ ಇದೆಯಾ? ಅಥವಾ ನೀವು ಅಪ್ಪಟ ಸಸ್ಯಾಹಾರಿಯಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ಇಲ್ಲಿನ ಥಾಯ್, ಚೈನೀಸ್, ಕೊರಿಯನ್ ಹೋಟೆಲುಗಳ ಮೆನುವಿನಲ್ಲಿ ವೆಜಿಟೇರಿಯನ್ ಅಂತ ಬರೆದ ಅಡುಗೆಯಲ್ಲೂ ಸಿಗಡಿ ಇರಬಹುದು, ಮೀನಿನ ರಸ ಇರಬಹುದು. ನನ್ನ ರೂಮ್‌ಮೇಟ್ ಇದೇ ಕಾರಣಕ್ಕೆ ಆಂಬುಲೆನ್ಸ್ ಹತ್ತಬೇಕಾಯಿತು.

ನಾವಿರುವುದು ಇಂಡಿಯಾನಾದ ವೆಸ್ಟ್ ಲಫಯೆಟ್‌ನಲ್ಲಿ. ಪರ್ಡ್ಯೂ ಯೂನಿವರ್ಸಿಟಿ ಇರುವ ಊರು. ಊರು ದಾಟಿದರೆ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳು. ವಾಬಾಶ್ ನದಿಯ ಆಚೆ ದಡದಲ್ಲಿ ಲಫಯೆಟ್. ಚೀನಾ, ಭಾರತ, ಕೊರಿಯಾದಿಂದ ಬಂದವರು ಇಲ್ಲಿ ತುಂಬಾ ಜನ ಓದುತ್ತಾರೆ. ಹಾಗಾಗಿ ಕ್ಯಾಂಪಸ್‌ನಿಂದ ನದಿ ಕಡೆ ನಡೆದರೆ ಏಷ್ಯಾದ ಅಡುಗೆಗೆ ಬರವಿಲ್ಲ. ಮನೆಯಲ್ಲಿ ಅನ್ನ ಸಾರು ಮಾಡಿ ಬೇಜಾರಾದಾಗ ನಮಗೆ ಮೊದಲು ನೆನಪಾಗುವುದೂ ಇವೇ. ಅನ್ನ, ಖಾರ, ತೆಂಗಿನ ಹಾಲು ಎಲ್ಲಾ ಸಿಗುತ್ತದಲ್ಲ!

ನನ್ನ ರೂಮ್‌ಮೇಟ್ ಕುಂದಾಪುರದ ಕಡೆಯವನು. ಮನೆಯವರೆಲ್ಲ ಮೀನು ತಿನ್ನುತ್ತಾರೆ. ಇವನೊಬ್ಬನಿಗೆ ಚಿಕ್ಕಂದಿನಿಂದಲೂ ಸಿಗಡಿ ಆಗುವುದಿಲ್ಲ. ಜಾಗ್ರತೆಯ ಹುಡುಗ. ಇಲ್ಲಿಗೆ ಬಂದ ಮೊದಲ ಸೆಮಿಸ್ಟರ್‌ನಲ್ಲೇ ಡಾಕ್ಟರ್ ಹತ್ತಿರ ಬರೆಸಿಕೊಂಡು ಜೋರು ಅಲರ್ಜಿ ಆದಾಗ ತಾನೇ ಚುಚ್ಚಿಕೊಳ್ಳುವ ಎಪಿನೆಫ್ರಿನ್ ಇಂಜೆಕ್ಷನ್ ಪೆನ್ ತಗೊಂಡಿದ್ದ. ಹೊರಗೆ ಹೋದಾಗಲೆಲ್ಲ ಅದು ಅವನ ಜಾಕೆಟ್ ಜೇಬಿನಲ್ಲಿ ಇದ್ದೇ ಇರುತ್ತದೆ.

ಫೆಬ್ರವರಿಯ ಒಂದು ಸಂಜೆ ಥಾಯ್ ಅಡುಗೆ ಸಿಗುವ ಒಂದು ಹೋಟೆಲಿಗೆ ಹೋದೆವು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅದೊಂದನ್ನು ಬಿಟ್ಟು ಪಕ್ಕದ ಹೋಟೆಲಿಗೆ ಧೈರ್ಯವಾಗಿ ಹೋಗುತ್ತೀರಿ, ಅಲ್ಲೂ ಅದೇ ಕರಿ ಪೇಸ್ಟ್ (ಥಾಯ್ ಕರಿಗೆ ಹಾಕುವ ರೆಡಿ ರುಬ್ಬಿದ ಮಸಾಲೆ) ಡಬ್ಬಿ ಇರಬಹುದು. ಮೆನುವಿನಲ್ಲಿ ತೋಫು (ಸೋಯಾ ಪನೀರ್) ಮತ್ತು ತರಕಾರಿ ಹಾಕಿದ ರೆಡ್ ಕರಿಯ ಪಕ್ಕ ಹಸಿರು ಎಲೆಯ ಗುರುತು ಇತ್ತು. ನನ್ನ ಗೆಳೆಯ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸರ್ವ್ ಮಾಡುತ್ತಿದ್ದ ಹುಡುಗನಿಗೆ, "ನನಗೆ ಸಿಗಡಿ ಅಲರ್ಜಿ, ತುಂಬಾ ಜೋರು, ಇದರಲ್ಲಿ ಇಲ್ಲ ತಾನೇ?" ಅಂತ ಸ್ಪಷ್ಟವಾಗಿ ಕೇಳಿದ. ಆ ಹುಡುಗ ಒಳಗೆ ಹೋಗಿ ವಿಚಾರಿಸಲೇ ಇಲ್ಲ. ನಿಂತಲ್ಲೇ, "ಏನೂ ತೊಂದರೆ ಇಲ್ಲ, ಅದು ವೆಜಿಟೇರಿಯನ್" ಅಂದುಬಿಟ್ಟ.

ನಾಲ್ಕೈದು ತುತ್ತು ಹೋಗಿರಬೇಕು. ನಾಲಿಗೆ ಕೆರೆಯುತ್ತಿದೆ ಅಂದ. ನೋಡುನೋಡುತ್ತಿದ್ದಂತೆ ತುಟಿ ಊದಿತು, ಕತ್ತಿನ ಮೇಲೆಲ್ಲ ಗಂಧೆ ಎದ್ದಿತು. "ಗಂಟಲು ಕಟ್ತಾ ಇದೆ ಮಾರಾಯ" ಅಂದಾಗ ಅವನ ದನಿಯೇ ಬದಲಾಗಿತ್ತು. ಜೇಬಿನಿಂದ ಪೆನ್ ತೆಗೆದು ತೊಡೆಯ ಹೊರಬದಿಗೆ ಪ್ಯಾಂಟಿನ ಮೇಲಿಂದಲೇ ಒತ್ತಿಕೊಂಡ. ನಾನು ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್ ಬರುವಷ್ಟರಲ್ಲಿ ಉಸಿರು ಸ್ವಲ್ಪ ಸಲೀಸಾಗಿತ್ತು. ಆದರೂ ಎಮರ್ಜೆನ್ಸಿಯಲ್ಲಿ ಗಂಟೆಗಟ್ಟಲೆ ಇಟ್ಟುಕೊಂಡು ನೋಡಿಯೇ ಕಳುಹಿಸಿದರು. ಇಂಥ ರಿಯಾಕ್ಷನ್ ಒಮ್ಮೆ ಇಳಿದು, ಕೆಲವು ಗಂಟೆ ಬಿಟ್ಟು ಮತ್ತೆ ಏರಬಹುದು. ಇಂಜೆಕ್ಷನ್ ತಗೊಂಡು ಆರಾಮಾಯಿತು ಅನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು ಅನ್ನುವುದು ಇದಕ್ಕೇ. ಊರಿಂದ ತಂದ ಸೆಟ್ರಿಜಿನ್ ಮಾತ್ರೆ ತುರಿಕೆಗೆ ಸರಿ. ಉಸಿರು ಕಟ್ಟುವಾಗ ಅದನ್ನು ನಂಬಿ ಕೂರಬೇಡಿ.

ಮಾರನೇ ದಿನ ಹೋಟೆಲಿಗೆ ಹೋಗಿ ಮಾಲೀಕರನ್ನು ಕೇಳಿದೆ. ಅವರು ಒಳಗಿಂದ ಕರಿ ಪೇಸ್ಟ್ ಡಬ್ಬಿಯನ್ನೇ ತಂದು ತೋರಿಸಿದರು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಲೆಮನ್‌ಗ್ರಾಸ್, ಉಪ್ಪು, ಆಮೇಲೆ ಸಿಗಡಿ ಪೇಸ್ಟ್. ಕೆಳಗೆ ಸಿಗಡಿ ಇದೆ ಅಂತ ಬೇರೆಯಾಗಿ ದಪ್ಪ ಅಕ್ಷರದಲ್ಲಿ ಮತ್ತೊಮ್ಮೆ ಬರೆದಿತ್ತು. ಅಡುಗೆಮನೆಯಲ್ಲಿ ದಿನಾ ಕೈಗೆ ಬರುವ ಡಬ್ಬಿ ಅದು! "ನಾವು ಅದಕ್ಕೆ ಮಾಂಸ ಹಾಕಲ್ಲ, ಅದಕ್ಕೇ ಎಲೆ ಗುರುತು ಇಟ್ಟಿದ್ದೇವೆ. ಪೇಸ್ಟ್ ರೆಡಿಯಾಗಿ ಬರುತ್ತೆ, ನಮ್ಮ ಕೈಯಲ್ಲಿ ಏನಿದೆ?" ಅಂದರು. ಊಟದ ದುಡ್ಡು ವಾಪಸ್ ಕೊಟ್ಟರು. ಸಿಟ್ಟು ಬಂದಿದ್ದು ಆಮೇಲೆ. ಎಷ್ಟೋ ದಿನ ಬಿಟ್ಟು ನೋಡಿದರೂ ಮೆನುವಿನಲ್ಲಿ ಆ ಎಲೆ ಹಾಗೇ ಇತ್ತು. ಒಬ್ಬ ಹುಡುಗನ ಉಸಿರು ನಿಲ್ಲುವ ಹಂತಕ್ಕೆ ಹೋದ ಮೇಲೂ ಒಂದು ಗುರುತು ಅಳಿಸಲು ಇವರಿಗೆ ಆಗಲಿಲ್ಲ.

ನಮ್ಮೂರಲ್ಲಿ ಬಿಸ್ಕತ್ ಪೊಟ್ಟಣದ ಮೇಲಿನ ಹಸಿರು ಚುಕ್ಕೆಗೆ ಕಾನೂನಿನ ಬಲ ಇದೆ. ಆ ಅಭ್ಯಾಸದಲ್ಲೇ ನಾವು ಇಲ್ಲಿನ ಎಲೆಯನ್ನೂ ನೋಡುತ್ತೇವೆ. ಇಲ್ಲಿ ಮೆನುವಿನ ಮೇಲಿನ ಎಲೆ ಹೋಟೆಲಿನವರು ತಮಗೆ ತೋಚಿದಂತೆ ಹಾಕಿಕೊಂಡಿದ್ದು. ಅಮೆರಿಕದಲ್ಲಿ ಅಲರ್ಜಿ ಲೇಬಲ್ ಕಾನೂನು ಇದೆ, 2004ರದ್ದು. ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ಜಾತಿ, ಬಾದಾಮಿಯಂಥ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ ಇದ್ದರೆ ಹೇಳಲೇಬೇಕು. 2023ರ ಜನವರಿಯಿಂದ ಎಳ್ಳೂ ಸೇರಿದೆ. ಆದರೆ ಇದು ಪ್ಯಾಕ್ ಮಾಡಿ ಮಾರುವ ಪದಾರ್ಥಕ್ಕೆ. ನೀವು ಆರ್ಡರ್ ಕೊಟ್ಟ ಮೇಲೆ ಮಾಡಿ ಕೊಡುವ ಊಟಕ್ಕೆ ಈ ಕಾನೂನು ಬರುವುದಿಲ್ಲ. ಇನ್ನೊಂದು ವಿಷಯ ನಮ್ಮ ಕರಾವಳಿಯವರು ಗಮನಿಸಿ. ಸಿಂಪಿ, ಮರುವಾಯಿ, ಬೊಂಡಾಸ್ ಈ ಪಟ್ಟಿಯಲ್ಲೇ ಇಲ್ಲ. ಆಯಿಸ್ಟರ್ ಅಂದರೆ ಸಿಂಪಿಯೇ. ಆಯಿಸ್ಟರ್ ಸಾಸ್ ಬಾಟಲಿಯ ಅಲರ್ಜಿ ಸಾಲಿನಲ್ಲಿ ಆಯಿಸ್ಟರ್ ಕಾಣಿಸಲಿಲ್ಲ ಅಂದರೆ ಆಶ್ಚರ್ಯಪಡಬೇಡಿ.

ಅವನು ಹುಷಾರಾದ ಮೇಲೆ ನಾವು ಇಲ್ಲಿನ ಬೇರೆ ಬೇರೆ ಏಷ್ಯನ್ ಹೋಟೆಲುಗಳಿಗೆ ಹೋಗಿ ವಿಚಾರಿಸಿದೆವು. ಎಲ್ಲಿ ರುಚಿ ಜಾಸ್ತಿ ಅಂತ ಅಳೆಯಲು ಹೋಗಿದ್ದಲ್ಲ. ಕೇಳಿದ ಪ್ರಶ್ನೆಗೆ ಯಾರು ನಿಜ ಹೇಳುತ್ತಾರೆ ಅಂತ ನೋಡಬೇಕಿತ್ತು.

ಎಲ್ಲಕ್ಕಿಂತ ನಂಬಿಕೆ ಬಂದಿದ್ದು ಸಿಚುವಾನ್ ಅಡುಗೆಯ ಒಂದು ಹೋಟೆಲಿನಲ್ಲಿ. ನಡೆಸುವವರು ಒಬ್ಬ ಹಿರಿಯ ಹೆಂಗಸು, ಚೀನಾದವರು. ಸಿಗಡಿ ಅಲರ್ಜಿ ಅಂದ ತಕ್ಷಣ ಅವರು ಕೈ ಅಡ್ಡ ಆಡಿಸಿ, ಇಲ್ಲಿ ತಿನ್ನಬೇಡ, ಎಲ್ಲಾ ಅದೇ ಬಾಣಲೆ, ಅದೇ ಎಣ್ಣೆ ಅಂದರು. ಗಿರಾಕಿ ಹೋದರೆ ಹೋಗಲಿ, ಸುಳ್ಳು ಬೇಡ ಅನ್ನುವ ಮಾತು ಅದು. ಅವರು ಹೇಳಿದ್ದು ಸರಿಯೇ. ಸಿಗಡಿಯಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನ್ ಟ್ರೋಪೊಮಯೊಸಿನ್. ಬೇಯಿಸಿದರೂ ಕರಿದರೂ ಅದು ಹಾಳಾಗುವುದಿಲ್ಲ. ಸಿಗಡಿ ಕರಿದ ಎಣ್ಣೆಯಲ್ಲಿ ಸ್ಪ್ರಿಂಗ್ ರೋಲ್ ಕರಿದರೂ ಅಪಾಯವೇ. ನಾನು ಸಸ್ಯಾಹಾರಿ ಅಂದಾಗ ಅವರು ನನಗೆ ಮಾಪೋ ತೋಫು, ಹುರಿದ ಬೀನ್ಸ್ ಎರಡನ್ನೂ ಬೇಡ ಅಂದರು. ಎರಡಕ್ಕೂ ಹಂದಿ ಕೈಮಾ ಬೀಳುತ್ತದೆ. ಬದಲಿಗೆ ಆಲೂಗಡ್ಡೆಯನ್ನು ಸಣ್ಣ ಎಳೆಯಾಗಿ ಹೆಚ್ಚಿ, ಒಣಮೆಣಸಿನಕಾಯಿ ಮತ್ತು ವಿನಿಗರ್ ಹಾಕಿ ಗರಿಗರಿ ಇರುವಾಗಲೇ ಇಳಿಸುವ ಒಂದು ಪಲ್ಯ ಮಾಡಿಕೊಟ್ಟರು. ಬಾಣಲೆ ತೊಳೆದೇ ಮಾಡಿದರು. ಅಷ್ಟು ರುಚಿಯಾದ ಆಲೂಗಡ್ಡೆ ಈ ದೇಶದಲ್ಲಿ ನಾನು ಬೇರೆಲ್ಲೂ ತಿಂದಿಲ್ಲ.

ಆರೆಂಜ್ ಚಿಕನ್, ಲೋ ಮೇನ್ ಮಾರುವ ಅಮೆರಿಕನ್ ಶೈಲಿಯ ಚೈನೀಸ್ ಅಂಗಡಿಯದ್ದು ಇದಕ್ಕೆ ಉಲ್ಟಾ. ಕೇಳಿ ಮುಗಿಸುವ ಮೊದಲೇ "ನೋ ಮೀಟ್, ನೋ ಮೀಟ್". ತರಕಾರಿಯ ಮೇಲೆ ಸುರಿಯುವ ಕಂದು ಸಾಸ್‌ನಲ್ಲಿ ಏನಿದೆ ಅಂತ ಒತ್ತಿ ಕೇಳಿದ ಮೇಲೆ ಆಯಿಸ್ಟರ್ ಸಾಸ್ ಅಂತ ಬಾಯಿಬಿಟ್ಟರು. ಹಾಟ್ ಅಂಡ್ ಸೋರ್ ಸೂಪ್ ಕೋಳಿ ಬೇಯಿಸಿದ ನೀರಿನದು. ಅಲ್ಲಿಗೆ ನಾವು ಹೋಗುವುದಿಲ್ಲ.

ಕೊರಿಯನ್ ಹೋಟೆಲಿನಲ್ಲಿ ಊಟದ ಜೊತೆ ಪುಟ್ಟ ಬಟ್ಟಲುಗಳಲ್ಲಿ ಬಿಟ್ಟಿ ಬರುವ ಪಲ್ಯ, ಉಪ್ಪಿನಕಾಯಿಗಳ ಬಗ್ಗೆ ಜಾಗ್ರತೆ. ಕಿಮ್ಚಿ ನೋಡಲು ಬರೀ ಎಲೆಕೋಸು. ಅದಕ್ಕೆ ಸಾಮಾನ್ಯವಾಗಿ ಉಪ್ಪಲ್ಲಿ ಹಾಕಿಟ್ಟ ಸಿಗಡಿ, ಮೀನಿನ ಸಾಸ್ ಹಾಕಿರುತ್ತಾರೆ. ತೋಫು ಸಾರಿಗೂ ಎಷ್ಟೋ ಕಡೆ ಒಣ ಮೀನು ಕುದಿಸಿದ ನೀರೇ ಬುಡ. ನಾವು ಹೋದಲ್ಲಿ ಸರ್ವರ್ ಹುಡುಗಿ ಗೊತ್ತಿಲ್ಲ ಅಂದವಳೇ ಒಳಗೆ ಹೋಗಿ, ಡಬ್ಬಿಯ ಲೇಬಲ್ ಫೋಟೋ ತೆಗೆದುಕೊಂಡು ಬಂದು ತೋರಿಸಿದಳು. ಗೊತ್ತಿಲ್ಲ ಅಂತ ಹೇಳುವವರು ಒಳ್ಳೆಯವರು, ಅವರ ಹತ್ತಿರ ಊಟ ಮಾಡಬಹುದು.

ಜಪಾನಿ ಕಡೆ ಮಿಸೋ ಸೂಪ್‌ಗೆ ಸಾಮಾನ್ಯವಾಗಿ ಒಣ ಮೀನಿನ ಚಕ್ಕೆ ಕುದಿಸಿದ ನೀರು ಇರುತ್ತದೆ. ವಿಯೆಟ್ನಾಮಿ ಕಡೆ ತರಕಾರಿ ಫೋ (ನೂಡಲ್ಸ್ ಸೂಪ್) ಅಂದರೂ ಸಾರು ದನದ ಮೂಳೆಯದೇ ಇರಬಹುದು, ಕೇಳಿ. ಇಂಡಿಯನ್ ಬಫೆಯಲ್ಲಿ ಇಷ್ಟು ತಲೆಬಿಸಿ ಇಲ್ಲ. ಪಕೋಡ ಕರಿದ ಎಣ್ಣೆ ಯಾವುದು, ಸೌಟು ಯಾವ ಪಾತ್ರೆಯಿಂದ ಯಾವುದಕ್ಕೆ ಹೋಯಿತು ಅಂತ ನೋಡಿದರೆ ಆಯಿತು.

ಕೇಳುವ ರೀತಿ ಮುಖ್ಯ. ವೆಜ್ ತಾನೇ ಅಂತ ಕೇಳಿದರೆ ಹೂಂ ಅಂದುಬಿಡುತ್ತಾರೆ. ಪದಾರ್ಥದ ಹೆಸರು ಹಿಡಿದು ಕೇಳಿ. ಕರಿ ಪೇಸ್ಟ್‌ನಲ್ಲಿ ಸಿಗಡಿ ಇದೆಯಾ? ಫಿಶ್ ಸಾಸ್ ಹಾಕ್ತೀರಾ? ಆಯಿಸ್ಟರ್ ಸಾಸ್? ಸೂಪಿನ ನೀರು ಯಾವುದರದ್ದು? ಸಿಗಡಿ ಕರಿಯುವ ಎಣ್ಣೆ ಬೇರೆಯಾ? ಒಳಗೆ ಕೇಳಿ ಬಂದು ಹೇಳಿ ಅನ್ನಿ. ಲೇಬಲ್ ತೋರಿಸಿ ಅನ್ನಿ. ಸಂಕೋಚ ಬೇಡ. ರಾತ್ರಿ ಏಳಕ್ಕೆ ಜನ ತುಂಬಿರುವಾಗ ಯಾರಿಗೂ ಪುರುಸೊತ್ತು ಇರುವುದಿಲ್ಲ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ನನ್ನ ಗೆಳೆಯ ಈಗ ಲ್ಯಾಬ್‌ನ ಸ್ನೇಹಿತರಿಂದ ತನ್ನ ಅಲರ್ಜಿಯನ್ನು ಚೀನೀ, ಕೊರಿಯನ್, ಥಾಯ್ ಲಿಪಿಯಲ್ಲಿ ಒಂದು ಕಾರ್ಡಿನ ಮೇಲೆ ಬರೆಸಿ ಇಟ್ಟುಕೊಂಡಿದ್ದಾನೆ. ಅಡುಗೆಯವರಿಗೇ ಅದನ್ನು ಕೊಡುತ್ತಾನೆ. ಸಸ್ಯಾಹಾರಿಗಳು ಥಾಯ್ ಹೋಟೆಲಿನಲ್ಲಿ "ಜೇ", ವಿಯೆಟ್ನಾಮಿ ಹೋಟೆಲಿನಲ್ಲಿ "ಚಾಯ್" ಅಂತ ಕೇಳಿ ನೋಡಿ. ಮಾಂಸ, ಮೀನು ಇಲ್ಲದ ಅಡುಗೆಗೆ ಅವರ ಭಾಷೆಯಲ್ಲಿ ಹೀಗನ್ನುತ್ತಾರೆ. ಜೇ ಅಡುಗೆಯಲ್ಲಿ ಬೆಳ್ಳುಳ್ಳಿಯೂ ಇರುವುದಿಲ್ಲ.

ಮನೆಯಲ್ಲೇ ಥಾಯ್ ಕರಿ ಮಾಡುವವರಿಗೂ ಒಂದು ಮಾತು. ಏಷ್ಯನ್ ಅಂಗಡಿಯಲ್ಲಿ ಸಿಗುವ ಮೇ ಪ್ಲಾಯ್ ಡಬ್ಬಿಯ ಮಾಮೂಲಿ ರೆಡ್ ಪೇಸ್ಟ್‌ನಲ್ಲಿ ಸಿಗಡಿ ಇದೆ. ಥಾಯ್ ಕಿಚನ್ ಬಾಟಲಿಯ ರೆಡ್ ಪೇಸ್ಟ್‌ನಲ್ಲಿ ಇಲ್ಲ. ಆದರೂ ಕೊಳ್ಳುವಾಗಲೆಲ್ಲ ಲೇಬಲ್ ಓದಿ.

ಪೆನ್ ಎಲ್ಲಿದೆ, ಹೇಗೆ ಒತ್ತಬೇಕು ಅಂತ ಜೊತೆಗಿರುವವರಿಗೆ ಮೊದಲೇ ತೋರಿಸಿಡಿ. ಅದರ ಎಕ್ಸ್‌ಪೈರಿ ನೋಡಿ. ನಿಮ್ಮ ಸ್ಟೂಡೆಂಟ್ ಇನ್ಶೂರೆನ್ಸ್‌ನಲ್ಲಿ ಎಮರ್ಜೆನ್ಸಿ, ಆಂಬುಲೆನ್ಸ್ ಎರಡಕ್ಕೂ ಎಷ್ಟು ಕೊಡುತ್ತಾರೆ ಅಂತ ಈಗಲೇ ಓದಿಕೊಳ್ಳಿ, ಆಂಬುಲೆನ್ಸ್ ಬಿಲ್ ಬೇರೆಯೇ ಬರುತ್ತದೆ. ಆದರೆ ದುಡ್ಡಿಗೆ ಹೆದರಿ 911 ಕರೆಯದೆ ಕೂರಬೇಡಿ, ಸ್ನೇಹಿತರ ಕಾರಿನಲ್ಲಿ ಹೋಗೋಣ ಅಂತಲೂ ಹೊರಡಬೇಡಿ.

ನಿಮಗೂ ಹೀಗೇ ಆಗಿದ್ದರೆ ಬಿಲ್, ಮೆನುವಿನ ಫೋಟೋ, ಆಸ್ಪತ್ರೆಯ ಕಾಗದ ಇಟ್ಟುಕೊಂಡು ನಿಮ್ಮ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಹೆಲ್ತ್ ಡಿಪಾರ್ಟ್‌ಮೆಂಟಿಗೆ ದೂರು ಕೊಡಿ. ಹೋಟೆಲುಗಳನ್ನು ತಪಾಸಣೆ ಮಾಡುವುದು ಅವರೇ. ನಾವು ಕೊಟ್ಟಿದ್ದೇವೆ.